ತಾರಸಿ ಹಾಕುವ ಮುನ್ನ

ಮನೆ ಕಟ್ಟಿಸುತ್ತಿರುವ ಓದುಗರೊಬ್ಬರು, ಪಡಸಾಲೆಯ ಛಾವಣಿಗೆ ಪ್ರೊಜೆಕ್ಟರ್ ತೂಗುಹಾಕಲು ತಂತಿಗಳನ್ನು ಹೇಗೆ ಒಯ್ಯಬೇಕೆಂದು ಕೇಳಿದ್ದಾರೆ. ತಾರಸಿಗೆ ಇನ್ನೂ ಕಾಂಕ್ರೀಟು ಬಿದ್ದಿಲ್ಲವಂತೆ, ಸಕಾಲದಲ್ಲಿಯೇ ಕೇಳಿದ್ದಾರೆ.

ತಂತಿಯ ಮಾತು ಆಮೇಲೆ, ಮೊದಲು ಯಂತ್ರದ ಸ್ಥಾನ ನಿಶ್ಚಯವಾಗಲಿ. 100 ಅಂಗುಲದ ತೆರೆಯ ಅಗಲ ಸುಮಾರು 87 ಅಂಗುಲ. ಕೈಪಿಡಿಯಲ್ಲಿ ದೂರದ ಅನುಪಾತ 1.5 ಎಂದಿದ್ದರೆ ತೆರೆಗೂ ಮಸೂರಕ್ಕೂ ಹೆಚ್ಚುಕಡಿಮೆ 11 ಅಡಿ ಅಂತರ ಬೇಕು. ಈ ಲೆಕ್ಕವಿಲ್ಲದೆ ಕೊಳವೆ ಹೂತು, ಬಳಿಕ ಗಿಲಾವು ಒಡೆಸಿದವರನ್ನು ನಾವು ಕಂಡಿದ್ದೇವೆ.

ವಿದ್ಯುತ್ತಿಗೂ ಚಿತ್ರಸಂಕೇತಕ್ಕೂ ಬೇರೆ ಬೇರೆ ಕೊಳವೆಗಳಿರಲಿ. ಎಚ್‌ಡಿಎಂಐ ತಂತಿಯ ತಲೆ ದಪ್ಪ. ಮುಕ್ಕಾಲು ಅಂಗುಲದ ಕೊಳವೆಯಲ್ಲಿ ಅದು ನುಸುಳದು. ಒಂದೂವರೆ ಅಂಗುಲದ್ದು ಲೇಸು. ಆದರೆ ಅಷ್ಟು ದಪ್ಪದ ಕೊಳವೆಯನ್ನು ತಾರಸಿ ತಾಳುವುದೇ ಎಂದು ಎಂಜಿನಿಯರರನ್ನು ಕೇಳದೆ ಹಾಕಿಸಕೂಡದು. ಮೇಸ್ತ್ರಿಯ ಧೈರ್ಯವೊಂದೇ ಸಾಲದು. ತಿರುವುಗಳು ವಿಶಾಲವಾಗಿರಲಿ, ಒಳಗೊಂದು ನೈಲಾನ್ ದಾರವಿರಲಿ.

ತಾಮ್ರದ ತಂತಿ ಬಹಳ ಉದ್ದವಾದರೆ 4ಕೆ ಚಿತ್ರ ತಡವರಿಸುವುದುಂಟು. ಅಂಥಲ್ಲಿ ಬೆಳಕಿನೆಳೆಯ ತಂತಿ ಉತ್ತಮ. ಅದಕ್ಕೆ ದಿಕ್ಕುಂಟು: ತುದಿಗಳು ಅದಲುಬದಲಾದರೆ ತೆರೆ ಕತ್ತಲೆಯೇ. ಕೊಳವೆಯೊಳಗೆ ಎಳೆಯುವ ಮೊದಲು ನೆಲದ ಮೇಲೆ ಹಾಸಿ, ಜೋಡಿಸಿ ನೋಡಿರಿ. ಯಂತ್ರದ ಬಳಿ ಭೂಸಂಪರ್ಕವಿರುವ ಮೂರು ರಂಧ್ರದ ಸಾಕೆಟ್ಟನ್ನೇ ಇಡಿಸಿರಿ.