ನಾಲ್ಕನೇ ಚೀಲದ ಲೆಕ್ಕ

ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಗೋವಿನಜೋಳ ಮೊಣಕಾಲುದ್ದ ಬಂತೆಂದರೆ ಎಲ್ಲರ ಬಾಯಲ್ಲೂ ಯೂರಿಯಾ. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೊಬ್ಬರ ಕೇಳಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರೇ ಆಯಿತು. ಸಿಗುವುದೇ ಇಷ್ಟು ಕಷ್ಟವಾದ ಮೇಲೆ, ಸಿಕ್ಕಿದ್ದನ್ನು ಎಷ್ಟು ಹಾಕಬೇಕು ಎಂದು ಕೂತು ಯೋಚಿಸುವವರು ಕಡಿಮೆ. ಆ ಪ್ರಶ್ನೆಗೆ ದ್ವಿತೀಯ ಪಿಯುಸಿ ಗಣಿತದಲ್ಲಿ ಒಂದು ದಾರಿ ಇದೆ.

ಮೊದಲ ಚೀಲಕ್ಕೆ ಬೆಳೆ ಚೆನ್ನಾಗಿ ಏಳುತ್ತದೆ, ಎರಡನೆಯದಕ್ಕೆ ಅಷ್ಟಿಲ್ಲ, ಮೂರನೆಯದಕ್ಕೆ ಇನ್ನೂ ಕಡಿಮೆ. ಏರುತ್ತಲೇ ಇದ್ದು ಏರಿಕೆ ಮಾತ್ರ ಮಂದವಾಗುವ ಇಂಥ ಗೆರೆಗೆ ಲಾಗರಿದಮ್ ಹೊಂದುತ್ತದೆ. ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ: ಎಕರೆಗೆ 'ಚ' ಚೀಲ ಹಾಕಿದರೆ ಹೆಚ್ಚುವರಿ ಆದಾಯ 2000 × ಲಾಗ್(1+ಚ) ರೂಪಾಯಿ (ಪಿಯುಸಿಯ ನ್ಯಾಚುರಲ್ ಲಾಗ್). ಸಾಗಣೆ, ಕೂಲಿ ಸೇರಿ ಚೀಲಕ್ಕೆ ಖರ್ಚು 500.

ಬರೀ ಲಾಗ್‌ಗೆ ಗರಿಷ್ಠವೇ ಇಲ್ಲ, ಹಾಕಿದಷ್ಟೂ ಏರುತ್ತದೆ. 'ಇನ್ನೊಂದು ಚೀಲ ಹಾಕು, ಇಳುವರಿ ಹೆಚ್ಚುತ್ತೆ' ಎನ್ನುವವರ ಮಾತು ಅಷ್ಟರಮಟ್ಟಿಗೆ ನಿಜ. ಖರ್ಚು ಕಳೆದ ಮೇಲೆಯೇ ಶಿಖರ ಕಾಣುವುದು. ಇಳುವರಿ ಆ ಕ್ಷಣಕ್ಕೆ ಯಾವ ವೇಗದಲ್ಲಿ ಏರುತ್ತಿದೆ ಎಂದು ಹೇಳುವುದೇ ಡಿರೈವೇಟಿವ್. ಲಾಭದ ಡಿರೈವೇಟಿವ್ 2000/(1+ಚ) − 500. ಏರಿಕೆ ನಿಂತು ಇಳಿಕೆ ಶುರುವಾಗುವಲ್ಲಿ ಇದು ಸೊನ್ನೆ; ಅಂದರೆ 1+ಚ = 4, ಚೀಲ 3. ಇದು ತಗ್ಗಲ್ಲ, ಶಿಖರವೇ ಎನ್ನಲು ಎರಡನೇ ಡಿರೈವೇಟಿವ್ ಸಾಕ್ಷಿ: ಅದು ಎಲ್ಲೆಡೆಯೂ ಋಣ.

ಗುಣಿಸಿ ನೋಡಿ. ಮೂರನೇ ಚೀಲ ತರುವುದು ಸುಮಾರು 575 ರೂಪಾಯಿ, ನಾಲ್ಕನೆಯದು 446 ಮಾತ್ರ. ಆದರೆ ನಾಲ್ಕೂ ಚೀಲದ ಸರಾಸರಿ ತೆಗೆದರೆ ಚೀಲಕ್ಕೆ 805 ಬರುತ್ತದೆ! ಮೋಸ ಹೋಗುವುದು ಇಲ್ಲೇ. ನಾಲ್ಕನೆಯದರಲ್ಲಿ ಆದ 54 ರೂಪಾಯಿ ನಷ್ಟವನ್ನು ಮೊದಲ ಚೀಲಗಳ ಲಾಭ ಮುಚ್ಚಿಬಿಡುತ್ತದೆ.

ಜೋಳದ ದರ ಅರ್ಧಕ್ಕಿಳಿದರೆ 2000 ಇದ್ದದ್ದು 1000 ಆಗಿ, ಶಿಖರ ಒಂದೇ ಚೀಲಕ್ಕೆ ಸರಿಯುತ್ತದೆ. ಸಬ್ಸಿಡಿಯಿಂದ ಗೊಬ್ಬರ ಅಗ್ಗವಾದರೆ ಶಿಖರ ಆಚೆಗೆ ಹೋಗುತ್ತದೆ; ಕೈ ಬಿಚ್ಚಿ ಸುರಿಯುವ ಅಭ್ಯಾಸಕ್ಕೆ ನನ್ನ ದೃಷ್ಟಿಯಲ್ಲಿ ಇದೂ ಒಂದು ಕಾರಣ. ಹೊಲದಲ್ಲಿ ಅತಿ ಯೂರಿಯಾಕ್ಕೆ ಬೆಳೆ ಮಲಗುತ್ತದೆ, ಲಾಗ್‌ಗೆ ಅದು ಗೊತ್ತಿಲ್ಲ.

ದೊಡ್ಡ ತೊಡಕು ದರದ್ದು. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಕುಸಿದು ವಾಹನಗಳಿಗೆ ಬೆಂಕಿ ಬಿದ್ದದ್ದನ್ನು ನೋಡಿದ್ದೇವೆ. ಗೊಬ್ಬರ ಹಾಕುವಾಗ ದರ ಯಾರಿಗೂ ತಿಳಿದಿರುವುದಿಲ್ಲ. ಹಾಗಾಗಿ ಹಿಂದಿನ ವರ್ಷಗಳ ಕಡಿಮೆ ದರವನ್ನೇ ಹಿಡಿದು ಈ ಲೆಕ್ಕ ಹಾಕುವುದು ಮೇಲು.