ಬೀರುವಿನ ಬೀಗದ ಕೈ ಯಾರ ಹತ್ರ ಇದೆ?

ನಮ್ಮ ಹುಡುಗರಿಗೆ ಓದಿನ ಸಂಸ್ಕಾರ ಇಲ್ಲವಂತೆ. ಈಚೆಗೆ ಒಂದು ಸಭೆಯಲ್ಲಿ ಶಾಲು ಹೊದ್ದ ದೊಡ್ಡವರೊಬ್ಬರು ಹೀಗಂದರು. 'ಸರ್ಕಾರ ಅನ್ನ ಕೊಡ್ತದೆ, ಸ್ಕಾಲರ್‌ಷಿಪ್ ಕೊಡ್ತದೆ, ಹಾಸ್ಟೆಲ್ ಕೊಡ್ತದೆ. ಓದೋ ಆಸೆಯನ್ನ ಯಾರು ಕೊಡೋಕಾಗ್ತದೆ? ಅದು ಮನೆತನದಿಂದ ಬರಬೇಕು. ಇವರು ಮೊಬೈಲು ಹಿಡಕೊಂಡು ಕೂತಿರ್ತಾರೆ' ಅಂದರು. ಮುಂದೆ ಕೂತಿದ್ದ ನಮ್ಮ ಹಾಸ್ಟೆಲ್ ಹುಡುಗರೇ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಹೊಡೆದ ಮೇಲೆ ನಾಚಿಕೆಯಾಯ್ತು. ಆ ನಾಚಿಕೆ ತಡೆಯಲಾರದೆ ಇದನ್ನು ಬರೀತಿದ್ದೀನಿ.

ನನ್ನ ಮನೆತನದ ಓದಿನ ಸಂಸ್ಕಾರ ಎಂಥದು ಅಂತ ಹೇಳ್ತೀನಿ, ಕೇಳಿ.

ನಮ್ಮಪ್ಪ ಮಾಲೂರು ಕಡೆ ಇಟ್ಟಿಗೆ ಗೂಡಿನಲ್ಲಿ ಇಟ್ಟಿಗೆ ಕೊಯ್ಯುತ್ತಿದ್ದ. ಅಮ್ಮ ಮಣ್ಣು ಹೊರುತ್ತಿದ್ದಳು. ಇಬ್ಬರಿಗೂ ಅಕ್ಷರ ಬರದು. ನಮ್ಮ ಮನೆಗೆ ಬಂದ ಮೊದಲ ಸಾಹಿತ್ಯ ಅಂದರೆ ಅಂಗಡಿಯ ಪೊಟ್ಟಣ. ಅಮ್ಮ ಬೇಳೆಯನ್ನು ಡಬ್ಬಿಗೆ ಸುರಿದ ಕೂಡಲೆ ನಾನು ಆ ಕಾಗದ ಕಿತ್ತುಕೊಂಡು ಒಲೆ ಬೆಳಕಿಗೆ ಹಿಡೀತಿದ್ದೆ. ಕೊಲೆಯಾದ ಸುದ್ದಿ ಇರ್ತಿತ್ತು, ಕೊಂದವನು ಯಾರು ಅನ್ನೋ ಕಡೆ ಕಾಗದ ಹರಿದಿರ್ತಿತ್ತು. ಅರ್ಧ ಕತೆ ಇರ್ತಿತ್ತು, ಉಳಿದರ್ಧ ಬೇರೆ ಯಾರದೋ ಮನೆಗೆ ಸಕ್ಕರೆ ಕಟ್ಟಿಕೊಂಡು ಹೋಗಿರ್ತಿತ್ತು. ಆ ಉಳಿದರ್ಧವನ್ನು ನಾನೇ ಕಟ್ಟಿಕೊಂಡು ನಿದ್ದೆ ಮಾಡ್ತಿದ್ದೆ. ಇವತ್ತು ನಾಲ್ಕು ಸಾಲು ಪದ್ಯ ಬರೆಯೋದಿದ್ದರೆ ಅದು ಕಲಿತದ್ದು ಅಲ್ಲಿ.

ಶಾಲೆಯಲ್ಲಿ ಪುಸ್ತಕದ ಪೆಟ್ಟಿಗೆಯೊಂದಿತ್ತು. ಅದರ ಮುಚ್ಚಳ ತೆಗೆದದ್ದನ್ನು ನಾನು ವರ್ಷಕ್ಕೊಂದು ಸಲ ನೋಡಿದ್ದೆ. ಒಂದು ಸಲ ಧೈರ್ಯ ಮಾಡಿ ಕೇಳಿದೆ. 'ಮೊದಲು ಕೈ ತೊಳ್ಕೊಂಡು ಬಾ' ಅಂದರು. ತೊಳ್ಕೊಂಡು ಬಂದೆ. ಪೆಟ್ಟಿಗೆಗೆ ಬೀಗ ಬಿದ್ದಿತ್ತು. ನನ್ನ ಬೆರಳ ಸಂದಿಯಲ್ಲಿದ್ದದ್ದು ಗೂಡಿನ ಕೆಮ್ಮಣ್ಣು. ಆ ಶಾಲೆಯ ಗೋಡೆಯೂ ಅದೇ ಮಣ್ಣಿನದು. ಗೋಡೆಗಿಲ್ಲದ ಮೈಲಿಗೆ ಪುಸ್ತಕಕ್ಕೆ ಹೇಗೆ ಬಂತು ಅಂತ ಆಗ ಕೇಳಲು ಬಾಯಿ ಬರಲಿಲ್ಲ.

ಪೂರಾ ಇರೋ ಪುಸ್ತಕ ಒಂದನ್ನು ನಾನು ಮೊದಲು ಮುಟ್ಟಿದ್ದು ನಮ್ಮ ದೊಡ್ಡಮ್ಮನ ಟ್ರಂಕಿನಲ್ಲಿ. ದೊಡ್ಡಮ್ಮ ಒಂದು ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಕೆಲಸ ಬಿಟ್ಟು ಬರುವಾಗ ಅಲ್ಲಿಯವರು ಒಂದು ಕನ್ನಡ ಬೈಬಲ್ ಕೊಟ್ಟು ಕಳಿಸಿದ್ದರು. ಕಪ್ಪು ರಟ್ಟು, ಹಳೇ ಸೀರೆ ತುಂಡಿನಲ್ಲಿ ಸುತ್ತಿದ್ದಳು. ಅವಳಿಗೂ ಓದು ಬರದು. ಅವಳು ಕ್ರಿಶ್ಚಿಯನ್ ಆದವಳೂ ಅಲ್ಲ. ಮಾರಮ್ಮನಿಗೆ ತಂಬಿಟ್ಟಿನ ಆರತಿ ಹೊರೋದನ್ನೂ ಬಿಡಲಿಲ್ಲ, ಆ ಪುಸ್ತಕಕ್ಕೆ ಕೈ ಮುಗಿಯೋದನ್ನೂ ಬಿಡಲಿಲ್ಲ. ರಟ್ಟಿನ ಮೇಲೆ 'ಸತ್ಯವೇದವು' ಅಂತ ಅಚ್ಚಾಗಿತ್ತು. ವೇದ! ಶೂದ್ರ ಕೇಳಿಸಿಕೊಂಡರೆ ಕಿವಿಗೆ ಕಾದ ಸೀಸ ಹೊಯ್ಯಬೇಕು, ಬಾಯಲ್ಲಿ ಹೇಳಿದರೆ ನಾಲಿಗೆ ಕತ್ತರಿಸಬೇಕು ಅಂತ ಗೌತಮ ಧರ್ಮಸೂತ್ರ ವಿಧಿಸಿದ್ದು ಯಾವ ಪದಕ್ಕೋ, ಆ ಪದ ಹೊತ್ತ ಪುಸ್ತಕ ನಮ್ಮ ಕೇರಿಯ ಗುಡಿಸಲಿನಲ್ಲಿ ಹರಕು ಸೀರೆ ಉಟ್ಟು ಮಲಗಿತ್ತು.

'ಓದಪ್ಪಾ, ಕೇಳ್ತೀನಿ' ಅನ್ನೋಳು ದೊಡ್ಡಮ್ಮ. ದಿನಾ ಸಂಜೆ ಒಂದು ಹಿಡಿ ಹುರಿದ ಕಡ್ಲೆಕಾಯಿ ನನ್ನ ಕೂಲಿ. ಆ ಕನ್ನಡ ಒಂಥರಾ ಕನ್ನಡ. ನಮ್ಮ ಮನೆಯದೂ ಅಲ್ಲ, ಶಾಲೆಯದೂ ಅಲ್ಲ. ಯೆಹೋವ, ಮೋಶೆ, ಐಗುಪ್ತ, ಇಸ್ರಾಯೇಲ್ಯರು ಅಂತ ನಾಲಿಗೆ ತಿರುಗದ ಹೆಸರುಗಳು. ಇಂಥವನು ಇಂಥವನನ್ನು ಪಡೆದನು ಅಂತ ಪುಟಗಟ್ಟಲೆ ವಂಶದ ಪಟ್ಟಿ ಬಂದಾಗ ನಾನು ಹಾರಿಸಿ ಓದಿದೆ. ದೊಡ್ಡಮ್ಮ ಹಿಡಿದುಬಿಟ್ಟಳು. 'ಹಾರಿಸಬ್ಯಾಡ. ಅವರೂ ಯಾರೋ ತಾಯಿ ಹೆತ್ತ ಮಕ್ಕಳೇ. ನಿಮ್ಮ ತಾತನ ಹೆಸರು ಯಾವ ಪುಸ್ತಕದಲ್ಲಾದರೂ ಅದೆಯಾ? ಇರೋರ ಹೆಸರಾದರೂ ಪೂರ್ತಿ ಓದು' ಅಂದಳು. ನನಗೆ ಯಾವ ಮೇಷ್ಟರೂ ಓದೋದನ್ನ ಇಷ್ಟು ಚೆನ್ನಾಗಿ ಕಲಿಸಲಿಲ್ಲ.

ಒಂದು ರಾತ್ರಿ ವಿಮೋಚನಕಾಂಡ ಓದ್ತಿದ್ದೆ. ಕರೆಂಟು ಹೋಗಿತ್ತು, ಬುಡ್ಡಿ ದೀಪ. ಐಗುಪ್ತದ ರಾಜ ಫರೋಹ ಇಸ್ರಾಯೇಲ್ಯರ ಕೈಲಿ ಇಟ್ಟಿಗೆ ಮಾಡಿಸ್ತಾನೆ. ಅವರು ಬಿಡುಗಡೆ ಕೇಳ್ತಾರೆ. ಕೇಳಿದ್ದಕ್ಕೆ ಶಿಕ್ಷೆಯಾಗಿ, ಇನ್ನು ಮೇಲೆ ಇಟ್ಟಿಗೆಗೆ ಬೇಕಾದ ಹುಲ್ಲು ಕೊಡೋದಿಲ್ಲ, ನೀವೇ ಹುಡುಕ್ಕೊಳ್ಳಿ, ಇಟ್ಟಿಗೆ ಲೆಕ್ಕ ಮಾತ್ರ ಒಂದೂ ಕಮ್ಮಿಯಾಗಬಾರದು ಅಂತ ಹುಕುಂ ಮಾಡ್ತಾನೆ. ಬಾಗಿಲ ಹತ್ತಿರ ಬೀಡಿ ಸೇದುತ್ತಾ ಕೂತಿದ್ದ ಅಪ್ಪ ತಿರುಗಿ ನೋಡಿದ.

'ಇನ್ನೊಂದ್ಸಲ ಓದು.'

ಓದಿದೆ.

'ಆ ಊರು ಎಲ್ಲದೆ?'

'ಸಮುದ್ರದಾಚೆ ಅಂತೆ ಅಪ್ಪಾ. ಸಾವಿರಾರು ವರ್ಷದ ಹಿಂದಿಂದು.'

'ಅಲ್ಲೂ ಗೂಡಿನ ಓನರು ಇಂಥೋನೇ' ಅಂದ ಅಪ್ಪ. ಸ್ವಲ್ಪ ಹೊತ್ತು ಸುಮ್ಮನಿದ್ದು ಪಂಚೆ ಗಂಟಿನಿಂದ ಮಡಚಿದ ಒಂದು ಚೀಟಿ ತೆಗೆದ. 'ಅದನ್ನು ಓದೋನು ಇದನ್ನೂ ಓದು.'

ಅದು ಗೂಡಿನ ಮುಂಗಡದ ಚೀಟಿ. ಅಪ್ಪ ತಗೊಂಡಿದ್ದು ಆರು ಸಾವಿರ. ಚೀಟಿಯಲ್ಲಿ ಒಂಬತ್ತು ಅಂತಿತ್ತು. ಮಳೆಗೆ ಕರಗಿದ ಹಸಿ ಇಟ್ಟಿಗೆಯನ್ನೆಲ್ಲಾ ಅಪ್ಪನ ಲೆಕ್ಕಕ್ಕೇ ಹಿಡಿದಿದ್ದರು. ಎರಡು ವರ್ಷದಿಂದ ಅಪ್ಪ ಆ ಕಾಗದವನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ್ದ. ತನ್ನ ಸಂಕೋಲೆಯನ್ನು ತಾನೇ ಜೋಪಾನವಾಗಿ ಕಾಪಾಡಿದ್ದ.

ಬೆಳಿಗ್ಗೆ ಅಪ್ಪ ಹೋಗಿ ಕೇಳಿದ. ಓನರು ಲೆಕ್ಕ ಸರಿಯೋ ತಪ್ಪೋ ಅಂತ ಹೇಳಲಿಲ್ಲ. 'ಚೀಟಿ ಓದಿದೋನು ಯಾವನು?' ಅಂತ ಕೇಳಿದ. 'ಓದೋ ಹುಡುಗನ್ನ ಇನ್ನು ಗೂಡಿನ ಹತ್ರ ಕರ್ಕೊಂಡು ಬರಬ್ಯಾಡ' ಅಂದ. ಮೂರು ಸಾವಿರ ವಜಾ ಆಗಲಿಲ್ಲ. ಮೇಲಾಗಿ ಒಂದು ತಿಂಗಳು ಕೆಲಸ ಕೊಡಲಿಲ್ಲ. ಅಮ್ಮ ಅತ್ತು, ಪುಸ್ತಕವನ್ನು ಸೂರಿನ ಗಳದ ಸಂದಿಗೆ ತುರುಕಿಟ್ಟಳು. ತಿಂಗಳಾದ ಮೇಲೆ ಅದನ್ನು ಇಳಿಸಿ ನನ್ನ ಕೈಗೆ ಕೊಟ್ಟವನು ಅಪ್ಪನೇ. ಏನೂ ಹೇಳಲಿಲ್ಲ. ಕೂತುಕೊಂಡು ಬೀಡಿ ಹಚ್ಚಿದ. ಓದಲಿ ಅಂತ ಕಾದ.

ಇದು ನಮ್ಮ ಮನೆತನದ ಸಂಸ್ಕಾರ, ದೊಡ್ಡವರೇ. ನೀವು ಅಪ್ಪನ ಕಪಾಟಿನಿಂದ ಪುಸ್ತಕ ತೆಗೆದು ಓದಿದಿರಿ. ನಾವು ಒಂದು ತಿಂಗಳ ಕೂಲಿ ಕೊಟ್ಟು ಓದಿದೆವು.

ಗೆಳೆಯರೇ, ಆ ಓನರ ಮಾತನ್ನು ಮತ್ತೆ ಮತ್ತೆ ಯೋಚಿಸಿ. ನಾವು ಓದೋದಿಲ್ಲ ಅನ್ನೋದು ಅವರ ದೂರು ಅಲ್ಲ. ಓದಿಬಿಟ್ಟರೆ ಏನು ಗತಿ ಅನ್ನೋದು ಅವರ ಭಯ. ಈ ಭಯ ಇಲ್ಲಿ ಮಾತ್ರ ಇದ್ದದ್ದಲ್ಲ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸಿನ ಕಪ್ಪು ಗುಲಾಮರಿಗೆ ಅಂತಲೇ ಒಂದು ಬೈಬಲ್ ಅಚ್ಚು ಹಾಕಿದರು. ಅದರಲ್ಲಿ ಐಗುಪ್ತದಿಂದ ಬಿಡುಗಡೆಯಾದ ಕತೆಯನ್ನೇ ಕಿತ್ತುಹಾಕಿದ್ದರು. ಆಳು ಒಡೆಯನಿಗೆ ವಿಧೇಯನಾಗಿರಬೇಕು ಅನ್ನೋ ಮಾತನ್ನು ಜೋಪಾನವಾಗಿ ಉಳಿಸಿದ್ದರು. ಇಲ್ಲಿಯವರು ಕಿವಿಗೆ ಸೀಸ ಅಂದರು, ಅಲ್ಲಿಯವರು ಪುಟಕ್ಕೆ ಕತ್ತರಿ ಹಾಕಿದರು. ಯಾವ ಪುಟ ನಮ್ಮ ಕೈಗೆ ಸಿಗಬಾರದು ಅಂತ ಒಡೆಯನಿಗೆ ಯಾವತ್ತೂ ಚೆನ್ನಾಗಿ ಗೊತ್ತು. ನಮಗೆ ಗೊತ್ತಾಗಬೇಕು.

ಅದಕ್ಕೇ ಹೇಳ್ತೀನಿ, ಇದು ಮಿಷನರಿಗಳ ಭಜನೆ ಅಲ್ಲ. ಚರ್ಚಿನೊಳಗೂ ಜಾತಿ ಬಂದು ಕೂತಿದೆ. ಸತ್ತ ಮೇಲೂ ನಮ್ಮವರಿಗೆ ಬೇರೆ ಸ್ಮಶಾನ ತೋರಿಸಿದ ಊರುಗಳು ದಕ್ಷಿಣದಲ್ಲಿವೆ. ಒಡೆಯನಿಗೆ ತಲೆಬಾಗು ಅನ್ನೋ ಪುಟವೂ, ಫರೋಹನನ್ನು ಬಿಟ್ಟು ನಡೆ ಅನ್ನೋ ಪುಟವೂ ಒಂದೇ ರಟ್ಟಿನೊಳಗೆ ಇವೆ. ಪೂರಾ ಓದಿದವನಿಗೆ ಮಾತ್ರ ಎರಡೂ ಕಾಣುತ್ತವೆ. 1855ರಲ್ಲಿ ಮುಕ್ತಾಬಾಯಿ ಎಂಬ ಮಾಂಗ್ ಜಾತಿಯ ಎಳೆ ಹುಡುಗಿ, ಫುಲೆ ದಂಪತಿಗಳ ಶಾಲೆಯಲ್ಲಿ ಓದಿದವಳು, ಮಾಂಗ್ ಮಹಾರರ ದುಃಖದ ಬಗ್ಗೆ ಪ್ರಬಂಧ ಬರೆದಳು. ಅಚ್ಚು ಹಾಕಿದ್ದು ಜ್ಞಾನೋದಯ ಅನ್ನೋ ಮಿಷನರಿ ಪತ್ರಿಕೆ. ಕಾಗದ ಅವರದು, ಸಿಟ್ಟು ಅವಳದು. ವೇದ ನಮಗಲ್ಲ ಅಂದರೆ ನಮ್ಮ ಧರ್ಮ ಯಾವುದು ಅಂತ ಅವಳು ಆವತ್ತೇ ಕೇಳಿಬಿಟ್ಟಿದ್ದಾಳೆ.

ಈಗ ಹಾಸ್ಟೆಲ್ಲಿಗೆ ಬರೋಣ. ಪಿ.ಯು.ಸಿ.ಗೆ ಬಂದಾಗ ನನ್ನ ಟ್ರಂಕಿನಲ್ಲಿ ಆ ಬೈಬಲ್ ಇತ್ತು. ವಾರ್ಡನ್ ಸಾಹೇಬರು ಕಂಡು ಹೌಹಾರಿದರು. 'ಮತಾಂತರ ಆಗಿದ್ದೀಯೇನೋ? ಜಾತಿ ಸರ್ಟಿಫಿಕೇಟು ಹೋಗ್ತದೆ, ಸೀಟೂ ಹೋಗ್ತದೆ' ಅಂತ ಕಿತ್ತಿಟ್ಟುಕೊಂಡರು. ಹದಿನೈದು ದಿನ ಬಾಗಿಲು ಕಾದು ವಾಪಸು ತಗೊಂಡೆ. ಅವರು ಹೆದರಿಸಿದ್ದರ ಹಿಂದೆ ಒಂದು ಕಾನೂನು ಇದೆ, ತಿಳ್ಕೊಳ್ಳಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಆದವನು ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಂ ಆದ ನಮ್ಮವರು ಇಂದಿಗೂ ಹೊರಗೆ. ಧರ್ಮ ಬದಲಾಯಿಸಿದ ಮಾತ್ರಕ್ಕೆ ಊರಿನವರು ಬೇರೆ ಲೋಟ ತೆಗೆದಿಡುವುದನ್ನು ಬಿಟ್ಟುಬಿಡ್ತಾರಾ? ಅದು ಇನ್ನೊಂದು ಜಗಳ, ಆಡೋಣ. ಆದರೆ ಪುಸ್ತಕ ಓದೋದು ಮತಾಂತರ ಅಲ್ಲ. ರಾಮಾಯಣ ಓದಿದ ಪಾದ್ರಿ ಹಿಂದೂ ಆಗಲಿಲ್ಲ. ನಮ್ಮ ಹುಡುಗ ಮಾತ್ರ ಓದಿದ್ದೆಲ್ಲಾ ಆಗಿಬಿಡ್ತಾನೆ ಅನ್ನೋರು ನಮಗೆ ಬುದ್ಧಿಯೇ ಇಲ್ಲ ಅಂತ ತಿಳಿದೋರು.

ನಮ್ಮ ಸಂಗಾತಿಗಳಲ್ಲೂ ಕೆಲವರು ಗೊಣಗಿದರು. 'ಬೈಬಲ್ಲು, ಪುರಾಣ, ಕತೆ, ಕಾದಂಬರಿ ಯಾಕೆ? ಬಾಬಾಸಾಹೇಬರು ಒಬ್ಬರು ಸಾಕು.' ಬಾಬಾಸಾಹೇಬರು ಹಾಗೆ ಓದಿದರಾ? ಹೈಸ್ಕೂಲಿನಲ್ಲಿ ಸಂಸ್ಕೃತ ಕೊಡಲಿಲ್ಲ ಅಂತ ಪರ್ಷಿಯನ್ ತಗೊಂಡು ಓದಿದರು. ಆಮೇಲೆ ಸಂಸ್ಕೃತವನ್ನೂ ಕಲಿತು, ಮುಚ್ಚಿಟ್ಟ ಶಾಸ್ತ್ರಗಳನ್ನೆಲ್ಲಾ ಬಿಚ್ಚಿ ನೋಡಿದರು. ಅವರಪ್ಪ ರಾಮ್‌ಜಿ ಮಗನ ಪುಸ್ತಕಕ್ಕಾಗಿ ಹೆಣ್ಣುಮಕ್ಕಳ ಒಡವೆ ಅಡವಿಟ್ಟು, ಪೆನ್ಷನ್ ಬಂದಾಗ ಬಿಡಿಸಿಕೊಡುತ್ತಿದ್ದರು. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಮನುಸ್ಮೃತಿ ಸುಟ್ಟವರು ಅದರಲ್ಲೇನಿದೆ ಅಂತ ತಿಳಿದೇ ಸುಟ್ಟರು. 1935ರಲ್ಲಿ ಯೇವಲೆಯಲ್ಲಿ, ಹಿಂದೂವಾಗಿ ಸಾಯೋದಿಲ್ಲ ಅಂತ ಸಾರಿದವರು ನಾಗಪುರದಲ್ಲಿ ಬೌದ್ಧರಾದದ್ದು 1956ರಲ್ಲಿ. ನಡುವೆ ಇಪ್ಪತ್ತೊಂದು ವರ್ಷ! ಅಷ್ಟು ವರ್ಷ ಎಲ್ಲಾ ಧರ್ಮಗಳನ್ನು ಓದಿ, ತೂಗಿ, ಆಮೇಲೆ ಹೆಜ್ಜೆ ಇಟ್ಟರು. ಅವರ ಹೆಸರಲ್ಲಿ ಓದಬೇಡ ಅನ್ನೋದು ಅವರಿಗೆ ಮಾಡುವ ಅವಮಾನ.

ಇನ್ನು ನಮ್ಮ ಹಾಸ್ಟೆಲ್ಲಿನ ಬೀರು. ಹೊರಗೆ ಗೋಡೆಯಲ್ಲಿ ಬಾಬಾಸಾಹೇಬರ ಪಟ, ಏಪ್ರಿಲ್ 14ಕ್ಕೆ ಹಾರ. ಅದರ ಕೆಳಗೇ ಕಬ್ಬಿಣದ ಬೀರು, ಬೀಗ. ಇನ್ಸ್‌ಪೆಕ್ಷನ್ ದಿನ ತೆಗೆದಾಗ ಇಣುಕಿದೆ. ಬಾಬಾಸಾಹೇಬರ ಬರಹ ಭಾಷಣಗಳ ಕನ್ನಡ ಸಂಪುಟಗಳು ಪ್ಲಾಸ್ಟಿಕ್ ಹೊದಿಕೆ ಕೂಡ ಬಿಚ್ಚದೆ ಕೂತಿದ್ದವು. ಕೆಳಗಿನ ಅರೆಯನ್ನು ಗೆದ್ದಲು ಓದಿ ಮುಗಿಸಿತ್ತು. ಕೇಳಿದರೆ 'ಪುಸ್ತಕ ಕಳೆದರೆ ನನ್ನ ಸಂಬಳದಲ್ಲಿ ಹಿಡೀತಾರಪ್ಪಾ' ಅಂದರು. ಅವರ ಕಷ್ಟ ನಿಜವೇ ಇರಬಹುದು. ಆದರೆ ಗೆದ್ದಲು ತಿಂದದ್ದನ್ನು ಯಾರ ಸಂಬಳದಲ್ಲಿ ಹಿಡೀತಾರೆ?

ಅನ್ನಕ್ಕೆ ಹುಳ ಬಿದ್ದರೆ ತಟ್ಟೆ ಹಿಡಿದು ಧರಣಿ ಕೂರ್ತೀವಿ. ಪುಸ್ತಕಕ್ಕೆ ಹುಳ ಬಿದ್ದಾಗ ಯಾಕೆ ಸುಮ್ಮನಿದ್ದೇವೆ? 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ಪೆಟ್ಟು ತಿಂದವರು ನಮ್ಮಂಥ ವಿದ್ಯಾರ್ಥಿಗಳೇ. ಆ ತಲೆಮಾರು ಪೆಟ್ಟು ತಿಂದು ಸುಮ್ಮನೆ ಮಲಗಲಿಲ್ಲ. ಓದಿತು, ಪದ ಕಟ್ಟಿತು, ಸಂಘಟನೆ ಕಟ್ಟಿತು. ಕಾಳು ಯಾವುದು, ಬೂಸಾ ಯಾವುದು ಅಂತ ಹೇಳೋ ಹಕ್ಕು ಕೇರಿ ನೋಡಿದವನದು.

ಆದ್ದರಿಂದ ಮೂರು ಮಾತು. ಒಂದು, ಬೀರುವಿನ ಬೀಗದ ಕೈ ವಿದ್ಯಾರ್ಥಿಗಳ ಸಮಿತಿಯ ಕೈಲಿರಬೇಕು. ಪುಸ್ತಕಗಳ ಪಟ್ಟಿ ಊಟದ ಹಾಲಿನ ಗೋಡೆಗೆ ಬರಬೇಕು. ಎರಡು, ಪ್ರತಿ ಭಾನುವಾರ ಒಂದು ಗಂಟೆ ಒಬ್ಬ ಗಟ್ಟಿಯಾಗಿ ಓದಲಿ, ಉಳಿದವರು ಕೇಳಲಿ, ಜಗಳ ಆಡಲಿ. ಮೂರು, ರಜೆಗೆ ಊರಿಗೆ ಹೋದಾಗ ಅಪ್ಪ ಅಮ್ಮನ ಮುಂದೆ ಕೂತು ಓದಿ. ಕತೆ ಓದಿ. ಜೊತೆಗೆ ಅವರ ಸೊಂಟದ ಚೀಟಿ ಓದಿ, ಪಹಣಿ ಓದಿ, ಸಾಲದ ಪತ್ರ ಓದಿ.

ದೊಡ್ಡಮ್ಮ ಈಗಿಲ್ಲ. ಅವಳ ಪುಸ್ತಕ ನನ್ನ ಹತ್ತಿರ ಇದೆ. ಇಟ್ಟಿಗೆಯ ಕತೆ ಬರುವ ಪುಟದಲ್ಲಿ ಅಪ್ಪನ ಹೆಬ್ಬೆಟ್ಟಿನ ಕೆಮ್ಮಣ್ಣು ಹತ್ತಿದೆ. ಅದೇ ಹೆಬ್ಬೆಟ್ಟನ್ನು ಮುಂಗಡದ ಚೀಟಿಗೂ ಒತ್ತಿಸಿಕೊಂಡಿದ್ದರು. ಕೈ ತೊಳ್ಕೊಂಡು ಬಾ ಅಂದವರಿಗೆ ಆ ಪುಟ ತೋರಿಸಬೇಕು ಅಂತ ಆಸೆ.

ನಾಳೆ ಬೆಳಿಗ್ಗೆ ತಿಂಡಿಗೆ ಸಾಲು ನಿಂತಾಗ, ತಟ್ಟೆ ಚಾಚೋ ಮೊದಲು ಕೇಳಿ: ಬೀಗದ ಕೈ ಎಲ್ಲಿ?

ಜೈಭೀಮ್.