ಎದೆ ಡವಡವ: ಮೊದಲು ಇಸಿಜಿ, ಆಮೇಲೆ ಖಮೀರಾ

“ಹಕೀಂ ಸಾಹೇಬರೇ, ಎದೆ ಡವಡವ ಅನ್ನುತ್ತೆ, ಒಂದು ಖಮೀರಾ ಕೊಡಿ” ಎಂದು ಕೇಳಿಕೊಂಡು ನನ್ನ ದವಾಖಾನೆಗೆ ಆಗಾಗ ಜನ ಬರುತ್ತಾರೆ. ಯುನಾನಿಯಲ್ಲಿ ಇದಕ್ಕೆ ಖಫ್ಕಾನ್ ಎನ್ನುತ್ತೇವೆ. ಆದರೆ ಅದು ಲಕ್ಷಣದ ಹೆಸರು. ಅದರ ಹಿಂದಿರುವ ಕಾಯಿಲೆ ಒಂದೇ ಅಲ್ಲ.

ಜ್ವರ, ರಕ್ತಹೀನತೆ, ಥೈರಾಯ್ಡ್, ಗಾಬರಿಯಿಂದಾದರೆ ಬಡಿತ ಸಾಮಾನ್ಯವಾಗಿ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ಎಸ್‌ವಿಟಿ ಹಾಗಲ್ಲ. ಸ್ವಿಚ್ ಹಾಕಿದಂತೆ ಶುರುವಾಗಿ ಹಾಗೆಯೇ ನಿಲ್ಲುತ್ತದೆ. ಹೆಚ್ಚಾಗಿ ನಿಮಿಷಕ್ಕೆ 150ರಿಂದ 250 ಬಡಿತ, ಎಲ್ಲವೂ ಸಮ. ಹರೆಯದ ಹೆಣ್ಣುಮಕ್ಕಳಲ್ಲಿ ಇದನ್ನು ‘ಟೆನ್ಶನ್’ ಎಂದು ತಳ್ಳಿಹಾಕುವುದುಂಟು. ನಾನೂ ಒಬ್ಬಾಕೆಗೆ ಎರಡು ವರ್ಷ ಹಾಗೆಯೇ ಹೇಳಿದ್ದೆ. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ನಾಡಿಗೆ ತಾಳವೇ ಇಲ್ಲ. ಹೃದಯದೊಳಗೆ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋದರೆ ಪಾರ್ಶ್ವವಾಯು. ಇನ್ನು ವಿಟಿ, ಹೃದಯದ ಕೆಳಕೋಣೆಯಲ್ಲಿ ಹುಟ್ಟುವಂಥದ್ದು. ಹಿಂದೆ ಹೃದಯಾಘಾತ ಆದವರಿಗೆ ಇದರ ಭಯ ಹೆಚ್ಚು, ಜೀವಕ್ಕೇ ಅಪಾಯ. ರೋಗಿ ಕುಳಿತು ಮಾತಾಡುತ್ತಿದ್ದಾರೆ ಎಂದ ಮಾತ್ರಕ್ಕೆ ವಿಟಿ ಅಲ್ಲ ಎನ್ನುವಂತಿಲ್ಲ.

ನಾಡಿ ಹಿಡಿದರೆ ಸಮವೋ ಅಸಮವೋ ತಿಳಿಯುತ್ತದೆ. ಎಸ್‌ವಿಟಿಯೋ ವಿಟಿಯೋ ಎಂದು ಬೆರಳು ಹೇಳದು. ನಾಡಿಯ ಬಗ್ಗೆ ಅಷ್ಟು ವಿವರವಾಗಿ ಬರೆದ ಇಬ್ನ್ ಸೀನಾರ ಕಾಲದಲ್ಲಿ ಇಸಿಜಿ ಇರಲಿಲ್ಲ, ನಮಗಿದೆ. ಇದನ್ನು ಒಪ್ಪಲು ನಮ್ಮ ಕೆಲವು ಹಕೀಮರಿಗೆ ಮುಜುಗರ.

ಆ ಇಸಿಜಿಯನ್ನೂ ಬಡಿತ ಜೋರಾಗಿರುವಾಗಲೇ ತೆಗೆಸಬೇಕು. ನಮ್ಮವರು ಮಾಡುವುದೇನು? ಕಾರು ಹತ್ತಿ ನೇರ ಮಣಿಪಾಲ. ಭಟ್ಕಳದಿಂದ ಸುಮಾರು 90 ಕಿ.ಮೀ., ಹೊನ್ನಾವರ, ಕುಮಟಾದವರಿಗೆ ಇನ್ನೂ ದೂರ. ಎಷ್ಟೋ ಸಲ ಕುಂದಾಪುರ ದಾಟುವಷ್ಟರಲ್ಲಿ ಎಲ್ಲ ಶಾಂತ; ಅಲ್ಲಿ ತೆಗೆದ ಇಸಿಜಿ ನಾರ್ಮಲ್! ಮೊದಲು ನಿಮ್ಮೂರ ತಾಲೂಕು ಆಸ್ಪತ್ರೆಗೆ ಹೋಗಿ. ಊರಿನ ವೈದ್ಯರು ತೆಗೆದ ಇಸಿಜಿಯನ್ನು ವಾಟ್ಸ್‌ಆ್ಯಪ್‌ನಲ್ಲೇ ತಜ್ಞರು ನೋಡಿ ಹೇಳುವ ಏರ್ಪಾಡನ್ನು ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲೇ ಆರಂಭಿಸಿದ್ದಾರೆ. ದೂರವೆಂಬುದು ಈಗ ನೆಪವಾಗಬಾರದು.

ಇಸಿಜಿ ಕಾಗದದ ಗೆರೆ ಬಿಸಿಗೆ, ಬೆಳಕಿಗೆ ಮಾಸುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಎದೆನೋವು, ಉಸಿರಾಟಕ್ಕೆ ಕಷ್ಟ, ತಲೆ ಸುತ್ತಿ ಬಿದ್ದರೆ ನಾಡಿ ಎಣಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಅದನ್ನು ತಾವಾಗಿ ನಿಲ್ಲಿಸಬಾರದು. ನಮ್ಮಿಂದ ಒಯ್ಯುವ ಮಾಜೂನ್, ಖಮೀರಾಗಳ ವಿಷಯವನ್ನು ಹೃದಯದ ವೈದ್ಯರಿಗೆ ಹೇಳಿ. ಆ ಮಾತ್ರೆಯ ಚೀಟಿಯನ್ನು ನಮಗೆ ತೋರಿಸಿ.